ಸಿದ್ಧ ಬಿಡಿಭಾಗಗಳು ಯಾರಿಗಾಗಿ?
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣದ ಸಾರ)



ಹಿಂದೆ ಸಣ್ಣ ಮುದ್ರಣಾಲಯಗಳು ಅಚ್ಚುಮೊಳೆಗಳನ್ನು ತಾವೇ ಎರಕ ಹೊಯ್ಯದೆ ಫೌಂಡ್ರಿಯಿಂದ ಕೊಂಡು ತರುತ್ತಿದ್ದವು. ಇಂದಿನ ಜಾಲತಾಣಗಳಿಗೂ ಅಂಥ ಸಿದ್ಧ ಬಿಡಿಭಾಗಗಳು ಬೇಕು: ಒತ್ತುವ ಬಟನ್, ಹೆಸರು ತುಂಬುವ ಚೌಕ, ದಿನಾಂಕ ಆರಿಸುವ ಕ್ಯಾಲೆಂಡರು. ಇವುಗಳ ರೂಪವನ್ನೂ ಬಳಕೆಯ ನಿಯಮಗಳನ್ನೂ ಒಂದೆಡೆ ಸೇರಿಸಿಟ್ಟರೆ ಅದೇ ಡಿಸೈನ್ ಸಿಸ್ಟಂ. ತಾಣ ಕಟ್ಟುವವರ ಸಲಕರಣೆ ಯಾವುದೇ ಇರಲಿ, ಬ್ರೌಸರು ನೇರವಾಗಿ ಅರಿಯುವಂತೆ ರಚಿಸಿದ ಬಿಡಿಭಾಗಕ್ಕೆ ವೆಬ್ ಕಾಂಪೊನೆಂಟ್ ಎಂದು ಹೆಸರು. 2020ರ ಹೊತ್ತಿಗೆ ಪ್ರಮುಖ ಬ್ರೌಸರುಗಳೆಲ್ಲ ಇದಕ್ಕೆ ಸಿದ್ಧವಾದವು.

ಇಡೀ ಜಗತ್ತಿಗೆ ಇಂಥ ಒಂದು ಸಾಮಾನ್ಯ ಭಂಡಾರವಿರಲಿ ಎಂದು ಅಮೆರಿಕದ ಬ್ರ್ಯಾಡ್ ಫ್ರಾಸ್ಟ್ 2024ರಲ್ಲಿ ಸೂಚಿಸಿದರು. ಅದು ಯಾರಿಗಾಗಿ ಎಂಬುದೇ ನನ್ನ ಇಂದಿನ ಪ್ರಶ್ನೆ.

ಗೂಗಲ್, ಅಡೋಬಿಯಂಥ ದೊಡ್ಡ ಸಂಸ್ಥೆಗಳು ತಮಗೆ ಬೇಕಾದುದನ್ನು ತಾವೇ ಕಟ್ಟಿಕೊಂಡಿವೆ. ಬ್ರಿಟಿಷ್ ಸರ್ಕಾರವೂ 2018ರಲ್ಲಿ ತನ್ನದನ್ನು ಹೊರತಂದಿತು. ಕೊರತೆಯಿರುವುದು ಒಬ್ಬಿಬ್ಬರೇ ದುಡಿಯುವ ಸಣ್ಣ ಕಚೇರಿಗೆ, ಶಾಲೆಗೆ, ನಮ್ಮಂಥ ಸಂಘಕ್ಕೆ. ಅವರಿಗಿಂತಲೂ ಮಿಗಿಲಾಗಿ, ದೃಷ್ಟಿಯಿಲ್ಲದೆ ಸ್ಕ್ರೀನ್ ರೀಡರಿನ ದನಿ ಕೇಳಿಯೇ ಅರ್ಜಿ ತುಂಬುವವರಿಗೆ. ವೆಬ್‌ಏಮ್ ಎಂಬ ಸಂಸ್ಥೆ 2024ರಲ್ಲಿ ಹತ್ತು ಲಕ್ಷ ಮುಖಪುಟಗಳನ್ನು ಪರೀಕ್ಷಿಸಿದಾಗ, ನೂರಕ್ಕೆ 95.9ರಷ್ಟು ಪುಟಗಳಲ್ಲಿ ಅಂಗವಿಕಲ ಬಳಕೆದಾರರಿಗೆ ತೊಡಕಾಗುವ ದೋಷಗಳು ಕಂಡವು. ಹೆಸರಿಲ್ಲದ ಚೌಕ, ಮಾತಿಲ್ಲದ ಬಟನ್ ಮುಂತಾದ ಅವೇ ತಪ್ಪುಗಳು ಮತ್ತೆ ಮತ್ತೆ! ಒಮ್ಮೆ ಸರಿಯಾಗಿ ಮಾಡಿ ಹಂಚಿಕೊಂಡರೆ ಇವುಗಳಲ್ಲಿ ಎಷ್ಟೋ ತಪ್ಪುತ್ತವೆ.

ಆದರೆ ಫೌಂಡ್ರಿಯ ಅಚ್ಚೇ ಸೊಟ್ಟಗಿದ್ದರೆ ಊರಿನ ಪುಸ್ತಕಗಳೆಲ್ಲ ಸೊಟ್ಟ. ವೆಬ್ ಕಾಂಪೊನೆಂಟಿನ ಒಳಭಾಗವನ್ನು ಹೊರಗಿನ ಪುಟದಿಂದ ಬೇರ್ಪಡಿಸುವ ಶ್ಯಾಡೋ ಡಾಮ್ ಎಂಬ ಏರ್ಪಾಡುಂಟು. ಚೌಕ ಅದರೊಳಗಿದ್ದು ಅದರ ಹೆಸರು ಹೊರಗುಳಿದರೆ, ಅವೆರಡನ್ನೂ ಐಡಿಯಿಂದ ಜೋಡಿಸುವ ಸಾಮಾನ್ಯ ಕ್ರಮ ನಡೆಯದು. ಕಣ್ಣುಳ್ಳವನಿಗೆ ಹೆಸರು ಪಕ್ಕದಲ್ಲೇ ಕಾಣುತ್ತದೆ. ಕಿವಿಯಿಂದ ಓದುವವನಿಗೆ ಇಲ್ಲೊಂದು ಚೌಕವಿದೆ ಎಂದಷ್ಟೇ ತಿಳಿಯುತ್ತದೆ. ಅಲ್ಲಿ ತನ್ನ ಹೆಸರು ಬರೆಯಬೇಕೋ ವಿಳಾಸವೋ ತಿಳಿಯದು.

ಆದುದರಿಂದ ಭಂಡಾರಕ್ಕೆ ಸೇರುವ ಮುನ್ನ ಪ್ರತಿಯೊಂದು ಭಾಗವನ್ನೂ ಸ್ಕ್ರೀನ್ ರೀಡರ್ ಬಳಸುವವರೇ ಪರೀಕ್ಷಿಸಬೇಕು. ಕಟ್ಟುವವರ ಶ್ರಮ ಉಳಿಯುವುದು ಲಾಭವೇ ಸರಿ. ಆದರೂ ಅರ್ಜಿ ತುಂಬಲು ಬಂದವರ ಕೆಲಸ ಸಾಗಿತೇ ಎಂಬುದೇ ಅದರ ನಿಜವಾದ ಅಳತೆ. ನಾಳೆ ನಮ್ಮ ಸಂಘ ಸದಸ್ಯತ್ವದ ಅರ್ಜಿಯನ್ನು ಜಾಲತಾಣಕ್ಕೆ ಏರಿಸುವುದಾದರೆ, ಮೊದಲ ಅರ್ಜಿಯನ್ನು ಅಂಥವರೊಬ್ಬರಿಂದಲೇ ತುಂಬಿಸಿ ನೋಡೋಣವೆಂದು ಕಾರ್ಯಕಾರಿ ಸಮಿತಿಯನ್ನು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.