ಒಂದು ಡಾಲರಿನ ಬೆಲೆ



ಟೆನಿಸ್ ಆಡಿದ ಹೆಣ್ಣುಮಕ್ಕಳ ಸಾಧನೆ ಎಂದಾಗ ನಾವು ಸಾಮಾನ್ಯವಾಗಿ ಗೆದ್ದ ಪ್ರಶಸ್ತಿಗಳನ್ನು ಎಣಿಸುತ್ತೇವೆ. ಇಂದು ನಾನು ಒಂದೇ ಒಂದು ಡಾಲರಿನ ಕಥೆ ಹೇಳುತ್ತೇನೆ.

ವಿಂಬಲ್ಡನ್ ಆರಂಭವಾದದ್ದು 1877ರಲ್ಲಿ. ಮಹಿಳೆಯರಿಗೆ ಅದರ ಬಾಗಿಲು ತೆರೆದದ್ದು 1884ರಲ್ಲಿ. ಆ ವರ್ಷ 13 ಮಂದಿ ಹೆಸರು ಕೊಟ್ಟಿದ್ದರು. ಫೈನಲ್‌ನಲ್ಲಿ ಮಾಡ್ ವಾಟ್ಸನ್ ಸೋಲಿಸಿದ್ದು ತನ್ನ ಸ್ವಂತ ಅಕ್ಕ ಲಿಲಿಯನ್‌ಳನ್ನು. 1887ರಲ್ಲಿ ಗೆದ್ದ ಲಾಟಿ ಡಾಡ್‌ಗೆ ಆಗ ಕೇವಲ 15 ವರ್ಷ. 1957ರಲ್ಲಿ ಆಲ್ತಿಯಾ ಗಿಬ್ಸನ್ ಅಲ್ಲಿ ಸಿಂಗಲ್ಸ್ ಗೆದ್ದ ಮೊದಲ ಕಪ್ಪು ಆಟಗಾರ್ತಿಯಾದರು.

ಹೀಗೆ ಅಂಗಳಕ್ಕೆ ಇಳಿಯುವ ಹಕ್ಕೇನೋ ದೊರೆಯಿತು. ಆದರೆ ದುಡಿಮೆಗೆ ತಕ್ಕ ಕೂಲಿ? 1968ರಲ್ಲಿ ವಿಂಬಲ್ಡನ್ ವೃತ್ತಿಪರರಿಗೂ ತೆರೆದುಕೊಂಡಾಗ ರಾಡ್ ಲೇವರ್‌ಗೆ ಸಿಕ್ಕಿದ್ದು 2000 ಪೌಂಡ್; ಮಹಿಳಾ ಚಾಂಪಿಯನ್ ಬಿಲ್ಲಿ ಜೀನ್ ಕಿಂಗ್‌ಗೆ 750.

1970ರಲ್ಲಿ ಲಾಸ್ ಏಂಜಲಿಸ್‌ನ ಟೂರ್ನಿಯೊಂದು ಈ ಅಂತರವನ್ನು ಇನ್ನೂ ಹಿಗ್ಗಿಸಿತು. ಅದನ್ನು ಬಹಿಷ್ಕರಿಸಿದ ಒಂಬತ್ತು ಆಟಗಾರ್ತಿಯರು ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಸೇರಿದರು. ಏಳು ಮಂದಿ ಅಮೆರಿಕದವರು, ಇಬ್ಬರು ಆಸ್ಟ್ರೇಲಿಯಾದವರು. ಟೆನಿಸ್ ಪತ್ರಿಕೆಯೊಂದರ ಪ್ರಕಾಶಕಿ ಗ್ಲಾಡಿಸ್ ಹೆಲ್ಡ್‌ಮನ್ ಜತೆ ತಲಾ ಒಂದು ಡಾಲರಿಗೆ ಒಪ್ಪಂದಕ್ಕೆ ಸಹಿ ಹಾಕಿದರು. ಟೆನಿಸ್ ಸಂಸ್ಥೆಯ ಅಮಾನತಿನ ಬೆದರಿಕೆ ತಲೆಯ ಮೇಲೆ ತೂಗುತ್ತಿತ್ತು. ದೊಡ್ಡ ಟೂರ್ನಿಗಳ ಬಾಗಿಲು ಮುಚ್ಚಿದರೆ ಅವರ ಆಟವೇ ಮುಗಿದಂತೆ. ಹಣ ಕೊಡಲು ಮುಂದೆ ಬಂದದ್ದು ಸಿಗರೇಟು ಕಂಪನಿ ಎಂಬುದು ವಿಪರ್ಯಾಸ. ಆದರೆ ಆಗ ಕೈಹಿಡಿದವರು ಅವರೇ.

ಫಲ ಬೇಗನೆ ಕಂಡಿತು. 1971ರಲ್ಲಿ ಕಿಂಗ್ ಒಂದೇ ವರ್ಷದಲ್ಲಿ ಲಕ್ಷ ಡಾಲರ್ ಗಳಿಸಿದರು. 1973ರಲ್ಲಿ ಆಟಗಾರ್ತಿಯರದೇ ಸಂಘ ಹುಟ್ಟಿತು. ಅದೇ ವರ್ಷ ಅಮೆರಿಕನ್ ಓಪನ್ ಇಬ್ಬರಿಗೂ ಸಮಾನ ಬಹುಮಾನ ಕೊಟ್ಟಿತು. 55ರ ಬಾಬಿ ರಿಗ್ಸ್‌ನನ್ನು ಕಿಂಗ್ ಮಣಿಸಿದ ಪ್ರಸಿದ್ಧ ಪಂದ್ಯ ನಡೆದದ್ದೂ ಆ ವರ್ಷವೇ. ಜಗತ್ತು ಆ ಪಂದ್ಯವನ್ನು ನೆನಪಿಟ್ಟಿತು. ಅದಕ್ಕೆ ದಾರಿ ಮಾಡಿದ ಸಹಿಗಳನ್ನು ಮರೆಯಿತು.

'ಗಂಡಸರು ಐದು ಸೆಟ್ ಆಡುತ್ತಾರೆ, ಹೆಂಗಸರು ಮೂರೇ ಅಲ್ಲವೇ?' ಎಂದು ನೀವು ಕೇಳಬಹುದು. ಸಂಗೀತ ಕಛೇರಿಗೆ ನಾವು ಗಂಟೆ ಎಣಿಸಿ ಟಿಕೆಟ್ ಕೊಳ್ಳುತ್ತೇವೆಯೇ? ಈ ಸರಳ ಮಾತು ವಿಂಬಲ್ಡನ್‌ಗೆ ಅರ್ಥವಾಗಲು 2007ರವರೆಗೆ ಬೇಕಾಯಿತು.

ಆ ಒಂಬತ್ತು ಮಂದಿಯಲ್ಲಿ ಹೆಚ್ಚಿನವರು ದೊಡ್ಡ ಹಣ ಕಾಣಲಿಲ್ಲ. ತಾವು ಉಣ್ಣದ ಹಣ್ಣಿಗೆ ಮರ ನೆಟ್ಟವರು ಅವರು. ಇಂದಿನ ಆಟಗಾರ್ತಿ ಕೋಟಿಗಳ ಚೆಕ್ ಎತ್ತಿ ಹಿಡಿದಾಗ, ಅದರ ಹಿಂದಿರುವ ಆ ಒಂದು ಡಾಲರ್ ನಮಗೆ ನೆನಪಾಗಬೇಕು.

(ಭಾಷಣದ ಸಂಗ್ರಹ ರೂಪ)