ಗಾಡಿ ಎಳೆಯದಿದ್ದರೆ ಹೊಗೆಯ ಬಣ್ಣ ನೋಡಿ

(ಮಸ್ಕತ್ತಿನಲ್ಲಿ ಶುಕ್ರವಾರದ ಸಭೆಯೊಂದರಲ್ಲಿ ಚಾಲಕ ಮತ್ತು ಮೆಕ್ಯಾನಿಕ್ ಮಿತ್ರರಿಗಾಗಿ ಆಡಿದ ಮಾತುಗಳ ಬರಹರೂಪ)

ಕಾರ್ಯದರ್ಶಿಗಳು ‘ಡೀಸೆಲ್ ಇಂಜಿನ್ ಬಗ್ಗೆ ಏನಾದ್ರೂ ಹೇಳಿ’ ಅಂದರು. ಎಲ್ಲಾ ಹೇಳೋಕೆ ಕೂತರೆ ಊಟ ತಣ್ಣಗಾಗುತ್ತೆ. ಅದಕ್ಕೇ ಒಂದೇ ವಿಷಯ ತಗೊಂಡಿದ್ದೀನಿ. ಚೆನ್ನಾಗಿ ಓಡ್ತಿದ್ದ ಗಾಡಿ ಒಮ್ಮೆಲೇ ಎಳೆಯೋದು ಬಿಟ್ಟು ಹಿಂದೆ ಹೊಗೆ ಕಾರೋಕೆ ಶುರು ಮಾಡಿದರೆ ಮೊದಲ ಐದು ನಿಮಿಷ ನಾವೇನು ಮಾಡಬೇಕು? ಒಂದೆರಡು ರಿಯಾಲಿನ ಕ್ಲಾಂಪಿಗೆ ಮುಗಿಯೋ ಕೆಲಸ ಇಂಜಿನ್ ಇಳಿಸೋ ತನಕ ಹೋಗುತ್ತೋ ಇಲ್ಲವೋ ಅನ್ನೋದು ಬಹಳ ಸಲ ಆ ಐದು ನಿಮಿಷದಲ್ಲೇ ತೀರ್ಮಾನ ಆಗುತ್ತೆ. ಇಂಜಿನ್ ಹೋದರೆ ಲೆಕ್ಕ ಯಾರ ತಲೆ ಮೇಲೆ ಬರುತ್ತೆ ಅಂತ ನಿಮಗೆ ಹೇಳಬೇಕಿಲ್ಲ.

‘ಒಮ್ಮೆಲೇ’ ಅನ್ನೋ ಮಾತನ್ನು ಗಟ್ಟಿಯಾಗಿ ಹಿಡ್ಕೊಳ್ಳಿ. ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಪಿಕಪ್ ಕಡಿಮೆಯಾಗುತ್ತಾ ಬಂದಿದ್ದರೆ ರಿಂಗ್ ಸವೆದಿರಬಹುದು, ಇಂಜೆಕ್ಟರ್ ಹಳೆಯದಾಗಿರಬಹುದು. ಆದರೆ ಫಂಜಾ ದಾಟುವಾಗ ಸರಿಯಿದ್ದ ಗಾಡಿ ಸುಮಾಯಿಲ್ ಹತ್ತಿರ ಏರಿನಲ್ಲಿ ನಿಂತುಹೋಯ್ತು ಅಂದ್ರೆ, ಆ ನಡುವೆ ಏನೋ ಕಳಚಿದೆ, ಒಡೆದಿದೆ, ಇಲ್ಲಾ ಸಿಕ್ಕಿಹಾಕಿಕೊಂಡಿದೆ. ಸವೆತ ಅರ್ಧ ಗಂಟೆಯಲ್ಲಿ ಆಗೋದಿಲ್ಲ. ಆದ್ದರಿಂದ ನೇರವಾಗಿ ಪಂಪು, ಇಂಜೆಕ್ಟರ್ ಬಿಚ್ಚೋ ಮೆಕ್ಯಾನಿಕ್ಕಿಗೆ ‘ಸ್ವಲ್ಪ ನಿಲ್ಲಪ್ಪಾ’ ಅನ್ನಿ.

ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದರೊಳಗೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತೆ. ನಾವು ಕಾಲಲ್ಲಿ ಒತ್ತಿದಾಗ ಹೆಚ್ಚಾಗೋದು ಡೀಸೆಲ್. ಅದಕ್ಕೆ ತಕ್ಕ ಗಾಳಿ ತಂದು ತುಂಬೋ ಕೆಲಸ ಟರ್ಬೊದ್ದು. ಊರಲ್ಲಿ ಅಮ್ಮ ಒಲೆ ಮುಂದೆ ಊದುಗೊಳವೆ ಹಿಡಿದು ಕೂತದ್ದು ನೆನಪಿದೆಯಲ್ಲ, ಸೌದೆ ತುಂಬಾ ಇಟ್ಟು ಊದೋದು ನಿಲ್ಲಿಸಿದರೆ ಏನಾಗುತ್ತೆ? ಅಡುಗೆಮನೆ ತುಂಬಾ ಹೊಗೆ. ಇಲ್ಲೂ ಅದೇ.

ಹಾಗಾಗಿ ಕಪ್ಪು ಹೊಗೆ ಅಂದ್ರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಒಮ್ಮೆಲೇ ಕಪ್ಪು ಹೊಗೆ, ಒಮ್ಮೆಲೇ ಪಿಕಪ್ ಇಲ್ಲ ಅಂದ್ರೆ ನಾನು ಮೊದಲು ಕೈ ಹಾಕೋದು ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗೋ ದಪ್ಪ ರಬ್ಬರ್ ಹೋಸಿಗೆ. ಈ ಬಿಸಿಲು, ಇಂಜಿನ್ ಬಿಸಿ, ಮೇಲಿಂದ ಆಯಿಲ್ ಪಸೆ, ಮೂರೂ ಸೇರಿ ರಬ್ಬರನ್ನು ತಿಂದುಹಾಕುತ್ತವೆ.

ಒಂದು ನೀರಿನ ಟ್ಯಾಂಕರ್ ವಿಷಯ ಹೇಳ್ತೀನಿ. ಖಾಲಿ ಗಾಡಿ ಸರಿಯಾಗೇ ಓಡುತ್ತೆ, ಲೋಡ್ ಹಾಕಿ ಏರು ಹತ್ತಿಸಿದರೆ ರಸ್ತೆ ಕಾಣದಷ್ಟು ಕಪ್ಪು ಹೊಗೆ. ಡ್ರೈವರ್ ನಮ್ಮ ಕುಂದಾಪುರ ಕಡೆಯ ಹುಡುಗ. ‘ನೀನೇ ಗೇರ್ ಸರಿಯಾಗಿ ಹಾಕದೆ ಇಂಜಿನ್ ಹಾಳು ಮಾಡಿದ್ದೀಯಾ’ ಅಂತ ಅವನಿಗೆ ಬೈಗುಳ. ಇಂಜೆಕ್ಟರ್ ಬಿಚ್ಚಿ ಟೆಸ್ಟಿಂಗಿಗೆ ಕಳಿಸಿದರು, ಪಂಪು ಬಿಚ್ಚಿದರು, ಏನೂ ಸಿಗಲಿಲ್ಲ. ಕೊನೆಗೆ ನೋಡಿದರೆ ಹೋಸಿನ ಅಡಿಭಾಗದಲ್ಲಿ ಬೆರಳುದ್ದದ ಸೀಳು. ಮೇಲಿಂದ ನೋಡಿದರೆ ಹೊಚ್ಚಹೊಸದು! ಐಡ್ಲಿಂಗಿನಲ್ಲಿ ಒಳಗೆ ಒತ್ತಡ ಇಲ್ಲದ್ದರಿಂದ ಸೀಳು ಮುಚ್ಚಿಕೊಂಡಿರುತ್ತೆ. ಲೋಡ್ ಬಿದ್ದಾಗ ಮಾತ್ರ ಬಾಯಿ ತೆರೆಯುತ್ತೆ. ಆದ್ದರಿಂದ ಕಣ್ಣಿಗಿಂತ ಕೈ ನಂಬಿ. ಇಂಜಿನ್ ಆಫ್ ಮಾಡಿ, ತಣಿದ ಮೇಲೆ ಹೋಸಿನ ಸುತ್ತ ಬೆರಳಾಡಿಸಿ, ಮಡಚಿ ನೋಡಿ. ಕ್ಲಾಂಪಿನ ಹತ್ತಿರ ಹೊಸದಾಗಿ ಎಣ್ಣೆ ಎರಚಿದ ಗುರುತಿದ್ದರೆ ಗಾಳಿ ಅಲ್ಲೇ ಹೋಗ್ತಿದೆ. ಓಡಿಸುವಾಗ ‘ಸುಸ್ಸ್’ ಅನ್ನೋ ಹೊಸ ಸದ್ದು ಕೇಳಿದರೂ ಅದೇ.

ಹೋಸ್ ಸರಿಯಿದ್ದರೆ ಏರ್ ಫಿಲ್ಟರ್ ನೋಡಿ. ಮರಳುಗಾಳಿ ಬೀಸಿದ ಮಾರನೇ ದಿನ ಈ ಕಾಯಿಲೆ ಬಂದರಂತೂ ಮೊದಲು ಅದನ್ನೇ ನೋಡಿ. ಇ.ಜಿ.ಆರ್. ವಾಲ್ವ್ ತೆರೆದೇ ಸಿಕ್ಕಿಕೊಂಡರೂ ಸುಟ್ಟ ಗಾಳಿ ಮತ್ತೆ ಒಳಗೆ ನುಗ್ಗಿ ಕಪ್ಪು ಹೊಗೆ ಬರುತ್ತೆ. ಹೊಸ ಗಾಡಿಗಳಲ್ಲಿ ಗಾಳಿ ಕಡಿಮೆ ಅಂತ ಗೊತ್ತಾದ ಕೂಡಲೇ ಕಂಪ್ಯೂಟರ್ ಡೀಸೆಲನ್ನೂ ಕಡಿಮೆ ಮಾಡಿಬಿಡುತ್ತೆ. ಹೊಗೆ ಅಷ್ಟು ಕಾಣದು, ಲೈಟ್ ಉರಿಯುತ್ತೆ, ಗಾಡಿ ಆಮೆ ಥರ ಹೋಗುತ್ತೆ. ಸ್ಕ್ಯಾನರ್ ‘ಬೂಸ್ಟ್ ಕಡಿಮೆ’ ಅಂದರೆ ಸೆನ್ಸರ್ ಕೆಟ್ಟಿದೆ ಅಂತ ಅರ್ಥ ಅಲ್ಲ. ಸೆನ್ಸರ್ ಪಾಪ ನಿಜ ಹೇಳ್ತಿರುತ್ತೆ, ನಾವು ಅದನ್ನೇ ಕಿತ್ತು ಬಿಸಾಡ್ತೀವಿ.

ಬಿಳಿ ಹೊಗೆಗೆ ಮೂಗು ಬೇಕು. ಕಣ್ಣು ಉರಿದು ಹಸಿ ಡೀಸೆಲ್ ವಾಸನೆ ಬಂದರೆ ಯಾವುದೋ ಸಿಲಿಂಡರಿನಲ್ಲಿ ಡೀಸೆಲ್ ಉರಿಯದೆ ಹೊರಬರ್ತಿದೆ. ಆಗ ಇಂಜೆಕ್ಟರ್ ಕಡೆ ನೋಡೋದು ನ್ಯಾಯ. ಸಿಹಿ ಸಿಹಿ ವಾಸನೆ ಬಂದು, ಟೆಂಪರೇಚರ್ ಮುಳ್ಳು ಏರ್ತಾ, ರೇಡಿಯೇಟರ್ ನೀರು ಕಡಿಮೆ ಆಗ್ತಿದ್ದರೆ ಹೆಡ್ ಗ್ಯಾಸ್ಕೆಟ್. ಬಿಸಿಯಲ್ಲಿ ಮುಚ್ಚಳ ತೆಗೆಯಬೇಡಿ. ಆಫ್ ಮಾಡಿದ ಮೇಲೆ ‘ಒಂದ್ಸಲ ನೋಡೋಣ’ ಅಂತ ಮತ್ತೆ ಸೆಲ್ಫ್ ಹೊಡೆಯಲೂ ಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಅದು ಗಾಳಿ ಥರ ಕುಗ್ಗೋದಿಲ್ಲ, ಕನೆಕ್ಟಿಂಗ್ ರಾಡೇ ಬಗ್ಗುತ್ತೆ.

ಈಗ ನೀಲಿ ಹೊಗೆ. ಇದರ ಬಗ್ಗೆ ಹೇಳೋಕೇ ನಾನು ಒಪ್ಪಿಕೊಂಡದ್ದು. ನೀಲಿ ಅಂದ್ರೆ ಇಂಜಿನ್ ಆಯಿಲ್ ಉರೀತಿದೆ. ಒಮ್ಮೆಲೇ ಪಿಕಪ್ ಹೋಗಿ ದಟ್ಟ ನೀಲಿ ಹೊಗೆ ಬಂದರೆ ಟರ್ಬೊ ಮೇಲೆ ಅನುಮಾನ. ಅದರ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತಲೂ ಹೆಚ್ಚು ತಿರುಗುತ್ತೆ, ಅದೂ ಆಯಿಲಿನ ತೆಳು ಪದರದ ಮೇಲೆ. ಬೇರಿಂಗ್ ಹೋದರೆ ಆಯಿಲ್ ನೇರ ಇಂಜಿನ್ನಿನ ಬಾಯಿಗೆ ಬೀಳುತ್ತೆ. ಇಂಜಿನ್ ಅದನ್ನೇ ಡೀಸೆಲ್ ಅಂತ ಕುಡಿದು ತನ್ನಷ್ಟಕ್ಕೇ ರೇಸ್ ಆಗೋಕೆ ಶುರು ಮಾಡುತ್ತೆ. ಕಾಲು ತೆಗೆದರೂ ಇಳಿಯೋದಿಲ್ಲ, ಕೀ ಆಫ್ ಮಾಡಿದರೂ ನಿಲ್ಲೋದಿಲ್ಲ. ಕೀ ನಿಲ್ಲಿಸೋದು ಡೀಸೆಲನ್ನು, ಆಯಿಲನ್ನಲ್ಲ. ‘ರನ್‌ಅವೇ’ ಅನ್ನೋದು ಇದಕ್ಕೇ. ಆಯಿಲ್ ಮುಗಿಯೋ ತನಕ ಇಲ್ಲಾ ಇಂಜಿನ್ ಸಿಡಿಯೋ ತನಕ ಓಡುತ್ತೆ.

ಮ್ಯಾನ್ಯುಯಲ್ ಗಾಡಿ ಆದರೆ ಆ ಕ್ಷಣವೇ ಟಾಪ್ ಗೇರ್ ಹಾಕಿ, ಬ್ರೇಕ್ ಪೂರ್ತಿ ಒತ್ತಿ ಹಿಡಿದು, ಕ್ಲಚ್ ಬಿಡಿ. ಇಂಜಿನ್ ಉಸಿರುಕಟ್ಟಿ ನಿಲ್ಲುತ್ತೆ. ಮುಂದೆ ಜನ ಇದ್ದರೆ ಇದನ್ನು ಮಾಡಬೇಡಿ. ಆಟೋಮ್ಯಾಟಿಕ್ ಗಾಡಿಗೆ, ಜನರೇಟರಿಗೆ ಈ ಉಪಾಯ ನಡೆಯದು. ಗಾಳಿಯ ಬಾಯಿ ಮುಚ್ಚಬೇಕು. ಗಟ್ಟಿ ಹಲಗೆ ಅಡ್ಡ ಹಿಡಿಯಬಹುದು, ಇಲ್ಲಾ ಕಾರ್ಬನ್ ಡೈಆಕ್ಸೈಡ್ ಬೆಂಕಿ ಆರಿಸೋ ಸಿಲಿಂಡರನ್ನು ಗಾಳಿ ಎಳೆಯೋ ಬಾಯಿಗೆ ಬಿಡಬಹುದು. ಕೈ ಮಾತ್ರ ಇಡಬೇಡಿ, ಬಟ್ಟೆ ತುರುಕಬೇಡಿ, ಎರಡನ್ನೂ ಎಳ್ಕೊಳ್ಳುತ್ತೆ. ಸದ್ದು ಆಗಲೇ ಚೀರಾಟಕ್ಕೆ ಏರಿದ್ದರೆ ಏನನ್ನೂ ಮಾಡಬೇಡಿ, ಎಲ್ಲರನ್ನೂ ಕರ್ಕೊಂಡು ದೂರ ಹೋಗಿ. ಲೋಹದ ಚೂರು ಬಾನೆಟ್ ತೂರಿ ಬರುತ್ತೆ. ಆಯಿಲ್ ಫೀಲ್ಡಿನಲ್ಲಿ ಕೆಲಸ ಮಾಡೋರು ಗಾಡಿಗೆ ಗಾಳಿ ಕಟ್ ಮಾಡೋ ವಾಲ್ವ್ ಕೂರಿಸಿರೋದನ್ನು ನೋಡಿರ್ತೀರಿ. ಅಲ್ಲಿ ಸೋರಿದ ಗ್ಯಾಸನ್ನು ಎಳ್ಕೊಂಡರೂ ಇಂಜಿನ್ ಹೀಗೇ ಹುಚ್ಚೇಳುತ್ತೆ.

ಹೀಗಾಗಬಾರದು ಅಂದ್ರೆ ನೀಲಿ ಹೊಗೆ ಕಂಡ ಕೂಡಲೇ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಆಫೀಸಿನಿಂದ ‘ಶ್ವೈ ಶ್ವೈ ಲೇಕೆ ಆವ್’ ಅಂತ ಫೋನ್ ಬರುತ್ತೆ. ನೀಲಿ ಹೊಗೆಯಲ್ಲಿ ಶ್ವೈ ಶ್ವೈ ಇಲ್ಲ.

ಟರ್ಬೊ ಬದಲಿಸೋ ಮೆಕ್ಯಾನಿಕ್ ತಮ್ಮಂದಿರಿಗೆ ಎರಡು ಮಾತು. ಇಂಟರ್‌ಕೂಲರ್ ಬಿಚ್ಚಿ ಒಳಗೆ ನಿಂತ ಆಯಿಲ್ ಪೂರ್ತಿ ಬಸಿಯಿರಿ. ಇಲ್ಲದಿದ್ದರೆ ಹೊಸ ಟರ್ಬೊ ಹಾಕಿ ರೇಸ್ ಮಾಡಿದ ತಕ್ಷಣ ಆ ಹಳೇ ಆಯಿಲ್ಲೇ ರನ್‌ಅವೇ ಮಾಡಿಸುತ್ತೆ. ಹಳೆಯದು ಯಾಕೆ ಹೋಯ್ತು ಅಂತಲೂ ನೋಡಿ. ಆಯಿಲ್ ಬರೋ ಸಣ್ಣ ಪೈಪಿನಲ್ಲಿ ಕರಿ ಕಟ್ಟಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತೆ. ಇನ್ನು ಕಾಮನ್ ರೈಲ್ ಇಂಜಿನ್ ಓಡುವಾಗ ಡೀಸೆಲ್ ಎಲ್ಲಿ ಸೋರುತ್ತೆ ಅಂತ ಬೆರಳಿಟ್ಟು ಹುಡುಕಬೇಡಿ, ಕಾರ್ಡ್‌ಬೋರ್ಡ್ ತುಂಡು ಹಿಡೀರಿ. ಅಲ್ಲಿ ಒತ್ತಡ 1,500 ಬಾರಿಗೂ ಮೇಲೆ ಏರಬಹುದು. ಚರ್ಮ ತೂರಿ ಒಳಗೆ ಹೋದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಕಡಿಮೆ. ಕೈ ಉಳಿಯಬೇಕಾದರೆ ಆಗಲೇ ಆಸ್ಪತ್ರೆಗೆ ಹೋಗಬೇಕು.

ಕಡೆಯದು ಡ್ರೈವರುಗಳಿಗೆ. ಗಾಡಿ ಸುರಕ್ಷಿತವಾಗಿ ಪಕ್ಕಕ್ಕೆ ಬಂದ ಮೇಲೆ ಫೋನಿನಲ್ಲಿ ಮೀಟರ್ ಬೋರ್ಡಿನ ಫೋಟೋ ತೆಗೆಯಿರಿ, ಹೊಗೆ ಇನ್ನೂ ಕಾಣ್ತಿದ್ದರೆ ವಿಡಿಯೋ ಮಾಡಿ. ಫೋರ್‌ಮನ್‌ಗೆ ಕಾಲ್ ಮಾಡಿ ಸುಮ್ಮನಾಗಬೇಡಿ, ವಾಯ್ಸ್ ಮೆಸೇಜೂ ಹಾಕಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಬಣ್ಣದ ಹೊಗೆ, ಎಷ್ಟು ಹೊತ್ತಿಗೆ ಆಫ್ ಮಾಡಿದೆ. ‘ಓಡಿಸ್ಕೊಂಡು ಬಾ’ ಅಂದರೆ ಅದನ್ನೂ ಮೆಸೇಜಿನಲ್ಲೇ ಹೇಳಿ ಅನ್ನಿ. ಟಾಂಕರಿನ ಆ ಹುಡುಗನ ಹತ್ತಿರ ಅಂಥ ಎರಡು ಮೆಸೇಜ್ ಇದ್ದವು, ಸಂಬಳಕ್ಕೆ ಕೈ ಹಾಕೋಕೆ ಬಂದವರು ಅದನ್ನು ಕೇಳಿಸಿಕೊಂಡು ಸುಮ್ಮನಾದರು.

ಪ್ರಶ್ನೆ ಇದ್ದೋರು ಕೇಳಿ. ಹೊರಗೆ ನಿಂತಿರೋ ಪಿಕಪ್ಪಿನ ಬಾನೆಟ್ ಎತ್ತಿ ಹೋಸ್ ಎಲ್ಲಿರುತ್ತೆ ಅಂತ ತೋರಿಸ್ತೀನಿ, ಇಂಜಿನ್ ಈಗ ತಣಿದಿರಬೇಕು.