ಹರಿಗೋಲಿನಡಿಯ ಊರು

ವಾರದ ಕೊನೆಗೆ ಗಣರಾಜ್ಯೋತ್ಸವದ ರಜೆಯೂ ಕೂಡಿಬಂದಿತ್ತು. ಮನೆಮಂದಿಯೆಲ್ಲ ಸಾಗರದ ಹತ್ತಿರದ ಹೊನ್ನೆಮರಡುವಿಗೆ ಹೊರಟೆವು. ಶರಾವತಿಯ ಹಿನ್ನೀರು, ದಡದಲ್ಲಿ ಟೆಂಟು. ಫೋನಿಗೆ ಸಿಗ್ನಲ್ ಇಲ್ಲವೆಂದು ಮಗಳು ಮುಖ ಊದಿಸಿಕೊಂಡಿದ್ದಳು. ಒಳಗೊಳಗೆ ನಾನೂ ಅನ್ನಿ.

ಬೆಳಿಗ್ಗೆ ಲೈಫ್ ಜಾಕೆಟ್ ತೊಟ್ಟು ಹರಿಗೋಲು ಹತ್ತಿದೆವು. ದುಂಡನೆಯ ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ. ಮನಸ್ಸಿಗೆ ಬಂದಂತೆ ಹುಟ್ಟು ಹಾಕಿದರೆ ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ತಿರುಗಿದೆವು, ನಕ್ಕೆವು.

ಆಗ ಅಮ್ಮ ಮೆಲ್ಲನೆ, "ಈ ನೀರಿನಡಿ ಊರುಗಳಿವೆ ಪುಟ್ಟಿ" ಅಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಮನೆ, ಗದ್ದೆ, ಅಡಿಕೆ ತೋಟಗಳೆಲ್ಲ ಮುಳುಗಿದ ಜಾಗ ಅದು. ನಾಡಿಗೆ ಬೆಳಕು ಬಂತು, ನಿಜ. ಆ ಊರುಗಳವರ ಮನೆಯ ದೀಪ ಆರಿತು.

ಮಗಳು ಹುಟ್ಟನ್ನು ಮಡಿಲಲ್ಲಿಟ್ಟುಕೊಂಡಳು. ಮಧ್ಯಾಹ್ನ ಟೆಂಟು ಮಡಚುವಾಗಲೂ ಅಜ್ಜಿಯನ್ನು ಕೇಳುತ್ತಲೇ ಇದ್ದಳು, ಆ ಊರುಗಳ ಹೆಸರೇನು ಅಂತ.